ನನ್ನ ತಪ್ಪು, ಅವರ ಹೆಸರು

ಕಲಿಸುವವರ ಬಾಯಿಂದ 'ನನಗೆ ಬರಲಿಲ್ಲ' ಎಂಬ ಮಾತು ಹೊರಡುವುದು ಬಲು ಕಷ್ಟ. ಇಮಾಮ್ ಮಾಲಿಕ್(ರ)ರು ತಮ್ಮ ಮುಂದೆ ಬಂದ ಎಷ್ಟೋ ಪ್ರಶ್ನೆಗಳಿಗೆ 'ನನಗೆ ತಿಳಿಯದು' ಎಂದರಂತೆ. ನಾವು ಅದನ್ನು ಓದಿ ಮೆಚ್ಚುತ್ತೇವೆ, ಅಷ್ಟೆ.

ಮಹಿಳಾ ಸಾಕ್ಷರತೆ ಕಡಿಮೆಯಿದ್ದ ಜಿಲ್ಲೆಗಳಿಗೆಂದು 2009ರಲ್ಲಿ ಶುರುವಾದ ಸಾಕ್ಷರ ಭಾರತ ಕಾರ್ಯಕ್ರಮ 2018ರ ಮಾರ್ಚ್‌ನಲ್ಲಿ ಮುಗಿಯಿತು. ಪಂಚಾಯತಿಯ ಲೋಕ ಶಿಕ್ಷಣ ಕೇಂದ್ರದ ಇಬ್ಬರು ಪ್ರೇರಕರಿಗೆ ತಿಂಗಳಿಗೆ 2000 ರೂಪಾಯಿ ಗೌರವಧನವಿತ್ತು. ಎಂಟು ಹತ್ತು ಮಂದಿಗೆ ಅಕ್ಷರ ಹೇಳಿಕೊಡುವ ಸ್ವಯಂಸೇವಕರಿಗೆ ಅದೂ ಇರಲಿಲ್ಲ. ರಾಯಚೂರು ಕಡೆಯ ಹಳ್ಳಿಯೊಂದರಲ್ಲಿ ಕೆಲಕಾಲ ನಾನೂ ಹಾಗೆ ಕಲಿಸಿದೆ.

ಹೊಲದಲ್ಲಿ ಹತ್ತಿ ಬಿಡಿಸಿ, ಮನೆಯಲ್ಲಿ ಅಡುಗೆ ಮುಗಿಸಿ ಹೆಂಗಸರು ರಾತ್ರಿ ಬರುತ್ತಿದ್ದರು. ಅವರಲ್ಲಿ ಒಬ್ಬ ಖಾಲಾಗೆ 'ಳ' ಹೊರಳುತ್ತಿರಲಿಲ್ಲ. ಬಾಳೆ ಎನ್ನಲು ಹೋಗಿ ಬಾಲೆ ಎನ್ನುವರು. ನಮ್ಮ ಉರ್ದುವಿನಲ್ಲಿ ಆ ಸದ್ದೇ ಇಲ್ಲ, ನನಗದು ಗೊತ್ತಿರಬೇಕಿತ್ತು. ಒಂದು ರಾತ್ರಿ ನಾಲ್ಕು ಸಲ ತಿದ್ದಿದೆ, ಉಳಿದವರು ನಕ್ಕರು. ಮರುದಿನದಿಂದ ಖಾಲಾಗೆ ಕೈನೋವು. ಹಾಜರಿ ಪುಸ್ತಕದಲ್ಲಿ ಮಾತ್ರ ಅವರು ಬರುತ್ತಲೇ ಇದ್ದರು!

ತಿಂಗಳ ಸಭೆಯಲ್ಲಿ ಕೇಳುತ್ತಿದ್ದುದು ಲೆಕ್ಕ. ಎಷ್ಟು ಮಂದಿ, ಎಷ್ಟನೇ ಪಾಠ? ಎಲ್ಲರೂ ತುಂಬು ಲೆಕ್ಕವನ್ನೇ ಕೊಡುತ್ತಿದ್ದೆವು. ಒಮ್ಮೆ ಪಿಯುಸಿ ಮುಗಿಸಿದ್ದ ಹುಡುಗನೊಬ್ಬ ಎದ್ದು, "ನನ್ನ ಹತ್ರ ನಾಕು ಮಂದಿ ಬಿಟ್ಟಾರ. ಸಣ್ಣ ಹುಡುಗರಿಗೆ ಹೇಳಿದಂಗ ಹೇಳಿದ್ನೇನೋ" ಎಂದುಬಿಟ್ಟ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬೊಬ್ಬರೇ ಬಾಯಿಬಿಟ್ಟರು. ಒಬ್ಬಾಕೆ ಅ ಆ ಬಿಟ್ಟು ರೇಷನ್ ಕಾರ್ಡಿನಲ್ಲಿರುವ ಹೆಸರುಗಳಿಂದ ಶುರುಮಾಡಿದ್ದಳು. ನಾನು 'ಳ'ದ ಕಥೆ ಹೇಳಿದೆ. "ಬರೆಯೋದು ಬಂದರೆ ಸಾಕಲ್ಲ ಆಪಾ, ನಾಲಿಗೆ ಯಾಕೆ ತಿದ್ದಬೇಕು?" ಎಂದಳಾಕೆ. ಯಾವ ತರಬೇತಿಯಲ್ಲೂ ನನಗೆ ಯಾರೂ ಇದನ್ನು ಹೇಳಿರಲಿಲ್ಲ.

ಆದರೆ ಹೇಳುವ ಭರದಲ್ಲಿ ಖಾಲಾ ಹೆಸರನ್ನೂ ಹೇಳಿದ್ದೆ. ಊರು ಸಣ್ಣದು.

ಇದು ಗೀಬತ್ತೇ? ತಪ್ಪು ತಿದ್ದಲು, ಸಲಹೆ ಪಡೆಯಲು ಅಗತ್ಯವಿದ್ದರೆ ಇನ್ನೊಬ್ಬರ ಬೆನ್ನ ಹಿಂದೆ ಅವರ ವಿಷಯ ಆಡಬಹುದೆಂದು ವಿದ್ವಾಂಸರು ರಿಯಾಯಿತಿ ಕೊಟ್ಟಿದ್ದಾರೆ. ಆ ರಿಯಾಯಿತಿಯ ಆಸರೆ ಪಡೆಯಲು ನಾನೂ ನೋಡಿದೆ. ಸಾಧ್ಯವಾಗಲಿಲ್ಲ. ಸಲಹೆಗೆ ಬೇಕಾಗಿದ್ದುದು ನನ್ನ ತಪ್ಪು, ಖಾಲಾ ಹೆಸರಲ್ಲ. ನನ್ನ ಮಾನ ನನ್ನದು, ಕಲಿಯಲೆಂದು ಅದನ್ನು ಕಳೆದುಕೊಳ್ಳಬಹುದು. ಅವರ ಮಾನ ನನ್ನಲ್ಲಿಟ್ಟ ಅಮಾನತ್ತು. ಹಾಗೆಂದು ಬಾಯಿ ಮುಚ್ಚಿ ಕೂತರೆ ಮುಂದೆ ಬರುವ ಇನ್ನೊಬ್ಬ ಖಾಲಾಳ ಹಕ್ಕು ಹೋಗುತ್ತದೆ. 2022ರಿಂದ ನಡೆಯುತ್ತಿರುವ ಉಲ್ಲಾಸ್ ಕಾರ್ಯಕ್ರಮದಲ್ಲೂ ಕಲಿಸುವವರು ಸಂಬಳವಿಲ್ಲದ ಸ್ವಯಂಸೇವಕರೇ. ಅವರು ಕೂತು ತಮ್ಮ ಸೋಲುಗಳನ್ನು ಆಡಿಕೊಳ್ಳುವುದಕ್ಕೂ ಒಂದು ಗಂಟೆ ಇರಲಿ; ಆ ಗಂಟೆಯಲ್ಲಿ ಲೆಕ್ಕವನ್ನೂ ಕೇಳಬಾರದು, ಹೆಸರನ್ನೂ.

ಮಾಫಿ ಕೇಳಲು ಹೋದೆ. "ನನ್ನ ಬಾಲೆಹಣ್ಣು ಊರಿಗೆಲ್ಲ ಹಂಚಿದೆಯಂತಲ್ಲ ಬೇಟಿ" ಎಂದು ನಕ್ಕರು ಖಾಲಾ. ಚಹಾ ಕೊಟ್ಟರು, ಮಗಳ ಬಾಣಂತನದ ಸುದ್ದಿ ಹೇಳಿದರು. ತರಗತಿಗೆ ಮತ್ತೆ ಬರಲಿಲ್ಲ.