ನೆರೆಯೂ ನೆರೆಮನೆಯೂ

ನೆರೆ ಇಳಿದುಹೋದ ಮನೆಯ ಗೋಡೆಯ ಮೇಲೆ ನೀರು ತನ್ನ ಎತ್ತರವನ್ನು ತಾನೇ ಬರೆದಿಟ್ಟು ಹೋಗುತ್ತದೆ. ಕೆಸರಿನ ಆ ಗೆರೆಯ ಕೆಳಗೆ ಗೋಡೆಯು ಮಾಸಿರುವುದು. ಮೇಲೆ ಮೊದಲಿನಂತೆಯೇ ಇರುವುದು. ಕೆಲವು ಕಾಲ ಕಳೆದು ಆ ಮನೆಯಲ್ಲೊಂದು ಮದುವೆ ಕೂಡಿಬಂದರೆ ಗೋಡೆಗೆ ಸುಣ್ಣ ಬಳಿಯಬೇಕಾಗುತ್ತದೆ. ಆಗ ಗೃಹಸ್ಥನ ಮುಂದೆ ಒಂದು ಚಿಕ್ಕ ಪ್ರಶ್ನೆ ನಿಲ್ಲುತ್ತದೆ: ಈ ಗೆರೆಯನ್ನು ಅಳಿಸತಕ್ಕುದೋ, ಉಳಿಸತಕ್ಕುದೋ? ಮಂಗಳಕಾರ್ಯದ ಮನೆಯಲ್ಲಿ ಅಮಂಗಳದ ಗುರುತೇಕೆ ಎಂದು ಮನಸ್ಸು ಹೇಳುವುದು ಸಹಜವೇ. ಆದರೂ ಈ ಚಿಕ್ಕ ಪ್ರಶ್ನೆಯೊಳಗೆ ದೊಡ್ಡದೊಂದು ಧರ್ಮಜಿಜ್ಞಾಸೆ ಅಡಗಿದೆ. ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂಬಂತಹ ವಿಪತ್ತಿಗೆ ಮುಂಚಿತವಾಗಿ ಸಿದ್ಧನಾಗಿರುವುದು ಕೇವಲ ಜಾಣತನವೋ, ಅಥವಾ ಕರ್ತವ್ಯವೋ?

ನೇತ್ರಾವತಿಯ ದಡದವರಿಗೆ ಇದು ಬರಿಯ ತರ್ಕದ ಮಾತಲ್ಲ. ಘಟ್ಟದಲ್ಲಿ ಹುಟ್ಟಿದ ಆ ನದಿಯು ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಬಂಟವಾಳ ಪಾಣೆಮಂಗಳೂರುಗಳ ನಡುವೆ ಹಾದು, ಮಂಗಳೂರಿನ ಬಳಿ ಕಡಲನ್ನು ಸೇರುತ್ತದೆ. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆಯಾಗುತ್ತದೆ. ಅದರ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನವರೆಗೆ ನಾಲ್ಕೇ ತಿಂಗಳಲ್ಲಿ ಸುರಿದುಬಿಡುವುದು. ಘಟ್ಟವು ಕಡಲಿಗೆ ಸಮೀಪ, ಇಳಿಜಾರು ಕಡಿದು. ಆದುದರಿಂದ ಮೇಲೆ ಬಿದ್ದ ಮಳೆಯು ಕೆಳಗಿನ ಊರುಗಳಿಗೆ ಬಂದು ಮುಟ್ಟಲು ಬಹು ದಿನಗಳು ಬೇಕಿಲ್ಲ. 1923ರಲ್ಲಿ ಬಂದ ಮಹಾಪ್ರವಾಹವನ್ನು ತುಳುನಾಡಿನ ಜನರು ‘ಮಾರಿಬೊಳ್ಳ’ವೆಂದು ಕರೆದರು. 1974ರ ಜುಲೈಯಲ್ಲಿ ನದಿಯು ಮರಳಿ ಬಂಟವಾಳದ ಪೇಟೆಯನ್ನು ಹೊಕ್ಕಿತು. ಬಂಟವಾಳದಲ್ಲಿ ನದಿಯ ಅಪಾಯದ ಮಟ್ಟವು 8.5 ಮೀಟರು ಎಂದು ಗೊತ್ತುಮಾಡಲಾಗಿದೆ.

ಆ ಎರಡು ಪ್ರವಾಹಗಳ ನಡುವೆ ಸಂದ ಕಾಲ 51 ವರ್ಷ. ಮೊದಲನೆಯದನ್ನು ಇಪ್ಪತ್ತರ ಹರೆಯದಲ್ಲಿ ಕಂಡವನು ಎರಡನೆಯದರ ಹೊತ್ತಿಗೆ ಎಪ್ಪತ್ತನ್ನು ದಾಟಿದ್ದನು. ಆ ವೇಳೆಗೆ ಮನೆಯ ಆಡಳಿತವೆಲ್ಲ ಮೊದಲನೆಯದನ್ನು ಕಣ್ಣಾರೆ ಕಾಣದವರ ಕೈಗೆ ಬಂದಿದ್ದಿತು. ನದಿಯ ಅವಧಿಯು ಮನುಷ್ಯನ ನೆನಪಿಗಿಂತ ದೀರ್ಘವಾದುದು. ಇದೇ ವಿಪತ್ತಿನ ಬಲ. ‘ನೂರು ವರ್ಷಕ್ಕೊಮ್ಮೆ ಬರುವ ನೆರೆ’ ಎಂಬ ಮಾತೂ ಜನರನ್ನು ಮೋಸಗೊಳಿಸುತ್ತದೆ. ಒಮ್ಮೆ ಬಂದರೆ ಇನ್ನು ನೂರು ವರ್ಷ ನಿಶ್ಚಿಂತೆ ಎಂಬುದು ಅದರ ಅರ್ಥವಲ್ಲ. ಪ್ರತಿಯೊಂದು ವರ್ಷವೂ ಅದು ಬರುವ ಸಂಭವ ನೂರರಲ್ಲಿ ಒಂದು ಎಂಬುದೇ ಅರ್ಥ. ಗಣಿತದಿಂದ ನೋಡಿದರೆ, ಅಂತಹ ಸ್ಥಳದಲ್ಲಿ ಮೂವತ್ತು ವರ್ಷ ಸಂಸಾರ ಹೂಡಿದವನಿಗೆ ಆ ನೆರೆಯನ್ನು ಕಾಣುವ ಸಂಭವವು ನೂರರಲ್ಲಿ 26ರಷ್ಟಾಗುತ್ತದೆ. ಇದನ್ನು ಅಲ್ಪವೆನ್ನಲಾಗದು.

ಬರುವುದು ದೈವಾಧೀನ, ತಪ್ಪಿಸಲು ನರರಾರು ಎಂದು ಕೆಲವರು ಹೇಳುವುದುಂಟು. ಈ ಮಾತಿನಲ್ಲಿ ವಿನಯವಿರುವಂತೆ ಕಂಡರೂ, ಹಲವು ವೇಳೆ ಆಲಸ್ಯವೇ ವಿನಯದ ವೇಷವನ್ನು ತೊಟ್ಟಿರುವುದು. ದೈವ ದೊಡ್ಡದೋ ಪುರುಷಕಾರ ದೊಡ್ಡದೋ ಎಂಬ ಧರ್ಮರಾಯನ ಪ್ರಶ್ನೆಗೆ ಮಹಾಭಾರತದ ಅನುಶಾಸನಪರ್ವದಲ್ಲಿ ಹೊಲ ಬೀಜಗಳ ಹೋಲಿಕೆಯಿಂದ ಸಮಾಧಾನ ದೊರೆಯುತ್ತದೆ. ಅಲ್ಲಿ ದೈವವು ಬೀಜ, ಪುರುಷಕಾರವು ಹೊಲ. ಮಳೆಯು ಮನುಷ್ಯನ ಕೈಯಲ್ಲಿಲ್ಲ, ದಿಟ. ಹಟ್ಟಿಯ ದನದ ಹಗ್ಗವು ಅವನ ಕೈಯಲ್ಲಿಯೇ ಇದೆ. ಬಿಚ್ಚದೆ ಬಿಟ್ಟ ಹಗ್ಗದ ಹೊಣೆಯನ್ನು ದೈವದ ಮೇಲೆ ಹೊರಿಸುವುದು ಭಕ್ತಿಯಾಗಲಾರದು.

ಸದಾ ಕೇಡನ್ನೇ ನೆನೆಯುತ್ತ ಬಾಳುವುದು ಬಾಳೇ ಎಂಬ ಇನ್ನೊಂದು ಆಕ್ಷೇಪವುಂಟು. ಇದಕ್ಕೆ ಉತ್ತರವು ಕರಾವಳಿಯ ಮನೆವಾರ್ತೆಯಲ್ಲಿಯೇ ಇದೆ. ಬೇಸಿಗೆಯಲ್ಲಿಯೇ ಸೌದೆಯನ್ನು ಒಟ್ಟುವುದು, ಮಾಡನ್ನು ಸರಿಪಡಿಸುವುದು, ಆಟಿ ತಿಂಗಳಿಗೆಂದು ಹಪ್ಪಳ ಉಪ್ಪಿನಕಾಯಿಗಳನ್ನು ತೆಗೆದಿರಿಸುವುದು, ಇವನ್ನು ಯಾರೂ ಭಯವೆಂದು ಕರೆಯುವುದಿಲ್ಲ, ಗೃಹಕೃತ್ಯವೆಂದೇ ಕರೆಯುತ್ತಾರೆ. ನೆರೆಯ ಸಿದ್ಧತೆಯೂ ಆ ಸಾಲಿನದೇ. ಆಸ್ತಿಯ ಪತ್ರಗಳನ್ನು ನೀರು ತಾಗದಂತೆ ಕಟ್ಟಿ ಅಟ್ಟದ ಮೇಲಿರಿಸುವುದು. ಕೆಲವು ದಿನಗಳಿಗಾಗುವಷ್ಟು ಅಕ್ಕಿ, ಔಷಧ, ದೀಪಗಳನ್ನು ಒಂದೆಡೆ ಇಡುವುದು. ಯಾವ ದಾರಿಯಿಂದ ಯಾವ ಗುಡ್ಡಕ್ಕೆ ಏರಬೇಕು, ಮುದುಕರನ್ನು ಯಾರು ಎತ್ತಿಕೊಳ್ಳಬೇಕು ಎಂಬುದನ್ನು ಮೊದಲೇ ಮಾತಾಡಿಕೊಂಡಿರುವುದು. ನೆರೆಯ ನೀರು ಹೊಕ್ಕ ಬಾವಿಯನ್ನು ಶುದ್ಧಿಮಾಡುವವರೆಗೆ ಅದರ ನೀರನ್ನು ಕುಡಿಯಬಾರದೆಂದು ಮಕ್ಕಳಿಗೂ ತಿಳಿಸಿರುವುದು. ಇಷ್ಟನ್ನು ಮಾಡಿದವನು ವಿಪತ್ತನ್ನು ಹಗಲಿರುಳು ನೆನೆಯಬೇಕಾಗಿಲ್ಲ. ಒಮ್ಮೆ ಮಾಡಿಟ್ಟ ಸಿದ್ಧತೆಯೇ ಅವನಿಗೆ ನಿದ್ರೆಯನ್ನು ಕೊಡುತ್ತದೆ.

ಮೂರನೆಯ ಆಕ್ಷೇಪವು ಇವೆರಡಕ್ಕಿಂತಲೂ ಗಹನವಾದುದು. ತನ್ನ ಅಟ್ಟವನ್ನು ತಾನು ತುಂಬಿಕೊಂಡವನಲ್ಲಿ ಸ್ವಾರ್ಥವಲ್ಲದೆ ಧರ್ಮವೆಲ್ಲಿ ಬಂದಿತು? ಅಟ್ಟದ ಏಣಿಯನ್ನು ಮೇಲಕ್ಕೆಳೆದುಕೊಂಡು ಕುಳಿತರೆ ಅದು ಸ್ವಾರ್ಥವೇ ಸರಿ. ಆದರೆ ಅಲಕ್ಷ್ಯವು ಸ್ವಾರ್ಥಕ್ಕಿಂತ ಮೇಲೆಂದು ಹೇಳಲಾಗದು. ಎಚ್ಚರಿಕೆಯನ್ನು ಕೇಳಿಯೂ ಮನೆಯಲ್ಲಿಯೇ ಉಳಿದವನನ್ನು ಕರೆತರಲು ನಡುನೀರಿನಲ್ಲಿ ದೋಣಿಯನ್ನು ನೂಕುವವನು ಇನ್ನೊಂದು ಮನೆಯ ಮಗ. ಮೊದಲನೆಯವನು ತನ್ನ ಪ್ರಾಣವನ್ನಷ್ಟೇ ಪಣಕ್ಕಿಟ್ಟೆನೆಂದು ತಿಳಿದಿದ್ದನು. ಕೇಳದೆಯೇ ಇನ್ನೊಬ್ಬನ ಪ್ರಾಣವನ್ನೂ ಪಣಕ್ಕಿಟ್ಟಿದ್ದನು. ಹೊರಡಲಾರದವರ ಮಾತಾದರೋ ಬೇರೆ. ದಡದ ತಗ್ಗಿನಲ್ಲಿ ಗುಡಿಸಲು ಕಟ್ಟಿದವನು ಆ ಸ್ಥಳವನ್ನು ಮೆಚ್ಚಿ ಕಟ್ಟಿದವನಲ್ಲ. ಅವನಿಗೆ ದಕ್ಕಿದ ನೆಲವೇ ಅಷ್ಟು. ಅವನಿಗೆ ಅಟ್ಟವೂ ಇಲ್ಲ, ಕೂಡಿಡಲು ಅಕ್ಕಿಯೂ ಇಲ್ಲ. ಅವನನ್ನು ಅಲಕ್ಷ್ಯಗಾರನೆನ್ನುವುದು ಅನ್ಯಾಯ. ಅವನು ಸಿದ್ಧನಾಗಿಲ್ಲದುದರ ಹೊಣೆಯು ಎತ್ತರದ ಮನೆಯವರಿಗೂ ಸೇರಿದುದು. 2005ರಲ್ಲಿ ದೇಶಕ್ಕೆ ವಿಪತ್ತು ನಿರ್ವಹಣೆಯ ಕಾಯಿದೆಯೊಂದು ಬಂದಿತು. ಜಿಲ್ಲೆಜಿಲ್ಲೆಗೂ ಒಂದು ಪ್ರಾಧಿಕಾರವು ಏರ್ಪಟ್ಟಿತು. ಆದರೆ ನಡುರಾತ್ರಿಯಲ್ಲಿ ತಗ್ಗಿನ ಗುಡಿಸಲಿನ ಬಾಗಿಲನ್ನು ಮೊದಲು ತಟ್ಟಬಲ್ಲವನು ಪಕ್ಕದ ಮನೆಯವನೇ.

ಕನ್ನಡದಲ್ಲಿ ಉಕ್ಕಿಬರುವ ನೀರಿಗೂ ‘ನೆರೆ’ಯೆಂದೇ ಹೆಸರು, ಪಕ್ಕದಲ್ಲಿರುವವರಿಗೂ ‘ನೆರೆ’ಯೆಂದೇ ಹೆಸರು. ಒಂದನ್ನು ಎಣಿಸುವಾಗ ಇನ್ನೊಂದನ್ನು ಮರೆತ ಸಿದ್ಧತೆಯು ಅರ್ಧ ಸಿದ್ಧತೆ. ಜಾಣತನವು ತನ್ನ ಮನೆಯ ಹೊಸ್ತಿಲಿನಲ್ಲಿ ನಿಲ್ಲುತ್ತದೆ. ಅದನ್ನು ದಾಟಿದಾಗಲೇ ಅದು ಕರ್ತವ್ಯವೆನಿಸುತ್ತದೆ.

ಇನ್ನು ಗೋಡೆಯ ಗೆರೆಯ ವಿಷಯ. ಸುಣ್ಣವನ್ನು ಧಾರಾಳವಾಗಿ ಬಳಿಯಲಿ. ಮದುವೆಯ ಮನೆಯು ಬೆಳ್ಳಗಿರಬೇಕಾದುದೇ. ಆದರೆ ಬಾಗಿಲ ಮರೆಯಲ್ಲಿ ಒಂದು ಗೇಣಿನಷ್ಟಗಲ ಆ ಗೆರೆಯನ್ನು ಉಳಿಸಿ, ಪಕ್ಕದಲ್ಲಿ ವರ್ಷವನ್ನು ಬರೆದಿಟ್ಟರೆ ಸಾಕು. ಹಿಂದೆ ನೊಂದವರು ಮುಂದೆ ಹುಟ್ಟುವವರಿಗೆ ಹೇಳಿದ ಮಾತು ಅದು. ಹೊಸದಾಗಿ ಮನೆಗೆ ಬಂದ ಸೊಸೆಯು ಇದೇನೆಂದು ಕೇಳಿದ ದಿನ ಅತ್ತೆಯು ಆ ಕಥೆಯನ್ನು ಹೇಳಬೇಕು. ಆ ರಾತ್ರಿ ಯಾರು ಬಂದು ಬಾಗಿಲನ್ನು ತಟ್ಟಿದರೆಂಬುದನ್ನೂ ಮರೆಯದೆ ಹೇಳಬೇಕು.