ಸಂಶಯವೂ ಸಾಧನೆಯೇ

ವಾಲ್ವ್ ಇರುವ ಹಳೆಯ ಕಂಡೆನ್ಸರ್ ಮೈಕು ಕೆಟ್ಟಾಗ ಎದುರಾಗುವುದು ಪ್ರಮಾಣಶಾಸ್ತ್ರದ ಪ್ರಶ್ನೆ. ಚಟಪಟ ಸದ್ದು ಬರುತ್ತಿತ್ತು, ವಾಲ್ವ್ ಬದಲಾಯಿಸಿದ ಮೇಲೆ ನಿಂತಿತು, ಹಾಗಾಗಿ ವಾಲ್ವೇ ಕೆಟ್ಟಿತ್ತು ಎನ್ನುತ್ತೇವೆ. ಈ ತೀರ್ಮಾನಕ್ಕೆ ಆಧಾರವೇನು? ತುಮಕೂರಿನ ಸತ್ಯಮಂಗಲದಂಥ ಬಯಲುಸೀಮೆಯ ಊರಿನಲ್ಲಿ ಬೇಸಿಗೆಯುದ್ದಕ್ಕೂ ತೆಪ್ಪಗಿದ್ದ ಮೈಕು ಜಡಿಮಳೆಯ ದಿನಗಳಲ್ಲಿ ರಂಪ ಶುರುಮಾಡಬಹುದು. ಒಳಗೆ ಚಿನ್ನದ ಲೇಪದ ತೆಳ್ಳನೆಯ ಪೊರೆಯಿದೆ, ಅದರ ಹಿಂದೆ ಕೂದಲೆಳೆಯಷ್ಟು ಅಂತರದಲ್ಲಿ ಲೋಹದ ಫಲಕ. ಅಲ್ಲಿನ ವಿದ್ಯುತ್ತು ಸೋರದಿರಲೆಂದು ಕೋಟಿಗಟ್ಟಲೆ ಓಮ್‌ಗಳ ರೆಸಿಸ್ಟರ್ ಹಾಕಿರುತ್ತಾರೆ. ಬೆರಳಿನ ಜಿಡ್ಡು, ಧೂಳು, ತೇವ ಸೇರಿಕೊಂಡು ಸೋರುವುದಕ್ಕೊಂದು ದಾರಿ ಮಾಡಿಕೊಟ್ಟರೆ ಸದ್ದು ಏಳುತ್ತದೆ. ವಾಲ್ವ್ ಬದಲಿಸಲೆಂದು ಮೈಕನ್ನು ಬಿಚ್ಚಿಟ್ಟ ಹೊತ್ತಿನಲ್ಲೇ ಆ ತೇವ ಆರಿಹೋಗಿದ್ದರೆ? ಆಗ ಹೊಸ ವಾಲ್ವ್ ಬಂದದ್ದಕ್ಕೂ ಸದ್ದು ಅಡಗಿದ್ದಕ್ಕೂ ಇರುವುದು ಕಾಕತಾಳೀಯ ಸಂಬಂಧ ಮಾತ್ರ.

ನಿಜ ತಿಳಿಯಬೇಕಾದರೆ ಹಳೆಯ ವಾಲ್ವನ್ನು ಮತ್ತೆ ಹಾಕಿ ಕೇಳಬೇಕು. ಸದ್ದು ಮರಳಿದರೆ ಮಾತ್ರ ಆರೋಪಕ್ಕೆ ಬಲ. ಆ ಪೊರೆ, ಫಲಕಗಳ ಜೋಡಿಯಾದ ಕ್ಯಾಪ್ಸೂಲಿನ ಮೇಲೆ ಅನುಮಾನವಿದ್ದರೆ ಅದನ್ನು ಬಿಡಿಸಿ, ಅಷ್ಟೇ ಧಾರಣಶಕ್ತಿಯ ಕೆಪಾಸಿಟರನ್ನು ಆ ಜಾಗದಲ್ಲಿ ಬೆಸೆದು ನೋಡಬೇಕು. ಒಂದು ಇದ್ದಾಗ ಇನ್ನೊಂದು ಇರುವುದು, ಇಲ್ಲದಾಗ ಇಲ್ಲದಿರುವುದು: ನಮ್ಮ ತಾರ್ಕಿಕರು ಅನ್ವಯ, ವ್ಯತಿರೇಕ ಎಂದು ಕರೆದದ್ದು ಇದನ್ನೇ. ಗೌತಮನ ನ್ಯಾಯಸೂತ್ರಗಳಲ್ಲಿ ಮೊದಲನೆಯದೇ ನಿಃಶ್ರೇಯಸಕ್ಕೆ ಅರಿಯಬೇಕಾದ 16 ಪದಾರ್ಥಗಳನ್ನು ಹೇಳುತ್ತದೆ. ಪ್ರಮಾಣ, ಪ್ರಮೇಯಗಳ ಬೆನ್ನಿಗೇ ಅಲ್ಲಿ ಸಂಶಯ ಬರುತ್ತದೆ. ಹೇತ್ವಾಭಾಸವೂ, ಅಂದರೆ ಕಾರಣದಂತೆ ತೋರುವ ಹುಸಿ ಹೇತುವೂ, ಆ ಪಟ್ಟಿಯಲ್ಲಿದೆ. ಮೋಕ್ಷದ ದಾರಿಯಲ್ಲಿ ಸಂಶಯಕ್ಕೆ ಇಷ್ಟು ಗೌರವದ ಸ್ಥಾನ ಕೊಟ್ಟ ಪರಂಪರೆಯವರು ನಾವು. ಹೀಗಿದ್ದೂ ಹರಕೆ ಹೊತ್ತ ಮೇಲೆ ಜ್ವರ ಬಿಟ್ಟರೆ ಹರಕೆಯಿಂದಲೇ ಬಿಟ್ಟಿತೆಂದು ಸಾರುತ್ತೇವೆ. ದೇವರಿಗೆ ಕೃತಜ್ಞರಾಗುವುದು ಭಕ್ತಿ. ಅದನ್ನೇ ಪುರಾವೆಯೆಂದು ತೋರಿಸಿ ಪಕ್ಕದ ಮನೆಯವರ ಔಷಧಿ ಬಿಡಿಸುವುದು ಭಕ್ತಿಯಲ್ಲ, ಕೆಟ್ಟ ತರ್ಕ.

ಸಂಶಯಾತ್ಮನಿಗೆ ಕೇಡೆಂದು ಗೀತೆಯೇ ಹೇಳಿಲ್ಲವೇ ಎಂದು ಕೇಳಬಹುದು. ಹೇಳಿದೆ, ಆದರೆ ಆ 4ನೆಯ ಅಧ್ಯಾಯ ಮುಗಿಯುವುದು ಸಂಶಯವನ್ನು ಜ್ಞಾನದ ಖಡ್ಗದಿಂದ ಕಡಿ ಎಂಬ ಆದೇಶದೊಂದಿಗೆ. ಪರೀಕ್ಷಿಸದೆ ಅದುಮಿಟ್ಟ ಸಂಶಯ ಕಡಿದಂತಾಗುವುದಿಲ್ಲ. ಚಾರ್ವಾಕರ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಕಾಣದ ಉಪಾಧಿ, ಅಂದರೆ ಮರೆಯ ಷರತ್ತೊಂದು, ಎಲ್ಲಿಯಾದರೂ ಅಡಗಿರಬಹುದು, ಆದ್ದರಿಂದ ಎಷ್ಟು ಪರೀಕ್ಷಿಸಿದರೂ ವ್ಯಾಪ್ತಿ, ಅಂದರೆ ಎಂದೂ ತಪ್ಪದ ಸಂಬಂಧ, ಸಿದ್ಧಿಸದು. ಉದಯನಾಚಾರ್ಯರು ನ್ಯಾಯಕುಸುಮಾಂಜಲಿಯಲ್ಲಿ ಇದಕ್ಕೆ ಉತ್ತರಿಸುತ್ತಾರೆ: ನಮ್ಮ ನಡೆಗೇ ವಿರುದ್ಧವಾಗುವಲ್ಲಿ ಸಂಶಯದ ಗಡಿ ಮುಗಿಯುತ್ತದೆ. ಬೆಂಕಿಯಿಂದ ಹೊಗೆ ಬರುತ್ತದೋ ಇಲ್ಲವೋ ಎಂದು ನಿಜವಾಗಿ ಶಂಕಿಸುವವನು ಹೊಗೆ ಬೇಕಾದಾಗ ಬೆಂಕಿ ಹೊತ್ತಿಸುವುದಿಲ್ಲ. ಈ ಉತ್ತರ ನನಗೆ ಒಪ್ಪಿತ. ಸಂಶಯಕ್ಕೆ ಕೊನೆಯಿದೆ, ಆದರೆ ಅದು ಪರೀಕ್ಷೆಯ ಆಚೆಗಿದೆ, ಈಚೆಗಲ್ಲ.

ಸದ್ದು ನಿಂತರೆ ಸಾಲದೇ, ಕಾರಣ ಯಾರಿಗೆ ಬೇಕು ಎನ್ನುವವರಿಗೂ ಒಂದು ಮಾತು. 1949ರಲ್ಲಿ ಬಂದ ನಾಯ್‌ಮನ್ ಯು 47 ಮೈಕಿನ ವಿಎಫ್ 14 ವಾಲ್ವಿನ ತಯಾರಿಕೆ ನಿಂತು ದಶಕಗಳಾಗಿವೆ. ಅಂಥದ್ದನ್ನು ತಪ್ಪು ಅನುಮಾನದಿಂದ ಕಸಕ್ಕೆಸೆದರೆ ಮತ್ತೆ ಸಿಗುವುದು ಕಷ್ಟ. ದಯವಿಟ್ಟು ಮೊದಲು ಮೈಕನ್ನು ಚೆನ್ನಾಗಿ ಒಣಗಿಸಿ, ತೆಗೆದ ವಾಲ್ವನ್ನು ಇನ್ನೊಮ್ಮೆ ಹಾಕಿ ಕೇಳಿ.