ಆ ಜಾಗಕ್ಕೆ ಬಂದವರು

ಒಬ್ಬರು ಹೋದ ಮೇಲೆ ಅವರ ಜಾಗಕ್ಕೆ ಇನ್ನೊಬ್ಬರು ಬರುವುದು ಲೋಕರೂಢಿ. ಆಫೀಸಿನ ಕುರ್ಚಿ, ಬಾಡಿಗೆ ಮನೆ, ಸ್ಕೂಲಿನ ಬೆಂಚು ಯಾವುದೂ ಬಹಳ ದಿನ ಖಾಲಿ ಉಳಿಯುವುದಿಲ್ಲ. ಅದನ್ನು ಯಾರೂ ತಪ್ಪೆನ್ನುವುದೂ ಇಲ್ಲ. ಆದರೆ ಹೋದವರು ಸತ್ತು ಹೋಗಿದ್ದರೆ, ಅದೂ ಮೀಸೆ ಚಿಗುರುವ ವಯಸ್ಸಿನಲ್ಲಿ ಹೋಗಿದ್ದರೆ, ಬಂದವರು ಆ ಜಾಗದಲ್ಲಿ ಹೇಗೆ ಕೂರಬೇಕು? ಕೂರಿಸುವ ನಾವು ಅವರಿಂದ ಏನನ್ನು ಕೇಳಬಹುದು, ಏನನ್ನು ಕೇಳಬಾರದು? ಈ ಯೋಚನೆ ನನಗೆ ಹತ್ತಿದ್ದು ನಾನು ಒಮ್ಮೆಯೂ ಕಣ್ಣಾರೆ ನೋಡದ ಒಂದು ಆಟದಿಂದ ಎಂದರೆ ನೀವು ನಗಬಹುದು. ಆ ಆಟ ಐಸ್ ಹಾಕಿ.

ನಮಗೆ ಹಾಕಿ ಎಂದರೆ ಧ್ಯಾನ್‌ಚಂದ್, ಕೊಡಗಿನ ಹುಡುಗರು, ಮೈದಾನ. ಕೆನಡಾದವರಿಗೆ ಹಾಕಿ ಎಂದರೆ ಮಂಜುಗಡ್ಡೆಯ ಮೇಲಿನ ಹಾಕಿಯೇ. ಅಡಿಯಲ್ಲಿ ಉಕ್ಕಿನ ಅಲಗಿರುವ ಬೂಟು ತೊಟ್ಟು, ಕಡೆಗೆ 6 ಜನರಂತೆ, ಚೆಂಡಿನ ಬದಲು ರಬ್ಬರಿನ ಗಟ್ಟಿ ಬಿಲ್ಲೆಯೊಂದನ್ನು ಕೋಲಿನಿಂದ ಅಟ್ಟಿಸಿಕೊಂಡು ಹೋಗುತ್ತಾರೆ. ಸುಮಾರು 16ರಿಂದ 20ರ ವಯಸ್ಸಿನ ಹುಡುಗರು ಆಡುವುದು ಜೂನಿಯರ್ ಹಾಕಿ. ಸಣ್ಣ ಸಣ್ಣ ಊರುಗಳಿಗೂ ಒಂದೊಂದು ತಂಡವಿರುತ್ತದೆ. ಎಲ್ಲೆಲ್ಲಿಂದಲೋ ಆಡಲು ಬರುವ ಹುಡುಗರಿಗೆ ಹಾಸ್ಟೆಲ್ ಇಲ್ಲ. ಊರಿನ ಸಂಸಾರಸ್ಥರೇ ಒಬ್ಬನನ್ನೋ ಇಬ್ಬರನ್ನೋ ತಮ್ಮ ಮನೆಯಲ್ಲಿಟ್ಟುಕೊಂಡು ಊಟ ತಿಂಡಿ ನೋಡಿಕೊಳ್ಳುತ್ತಾರೆ. ಸಸ್ಕಾಟೂನಿನಲ್ಲಿರುವ ನನ್ನ ಅಕ್ಕನ ಮಗಳು ಇದನ್ನು ಹೇಳಿದಾಗ ನನಗೆ ಥಟ್ಟನೆ ನೆನಪಾದದ್ದು ನಮ್ಮ ವಾರಾನ್ನ. ನಮ್ಮ ತಂದೆ ಓದಿದ್ದೇ ವಾರಾನ್ನದಲ್ಲಿ. ಅವರಿಗೆ ದಿನಕ್ಕೊಂದು ಮನೆಯ ಊಟ. ಈ ಹುಡುಗನಾದರೋ ಹಂಗಾಮು ಮುಗಿಯುವ ತನಕ ಒಂದೇ ಮನೆಯ ಮಗ. ಅವನಿಗೆಂದು ಒಂದು ಕೋಣೆ, ಮೇಜಿನ ಮುಂದೆ ಒಂದು ಕುರ್ಚಿ.

ಸಸ್ಕಾಚೆವಾನ್ ಪ್ರಾಂತ್ಯದ ಹಂಬೋಲ್ಟ್ ಸುಮಾರು 6,000 ಜನರಿರುವ ಊರು. ಅಲ್ಲಿನ ತಂಡ ಹಂಬೋಲ್ಟ್ ಬ್ರಾಂಕೋಸ್. 2018ರ ಏಪ್ರಿಲ್ 6ರ ಶುಕ್ರವಾರ ಸಂಜೆ ನಿಪಾವಿನ್ ಎಂಬ ಊರಿಗೆ ಪಂದ್ಯಕ್ಕೆಂದು ಹೊರಟಿದ್ದ ಅವರ ಬಸ್ಸು, ಎರಡು ಹೆದ್ದಾರಿಗಳು ಕೂಡುವಲ್ಲಿ, ನಿಲ್ಲಬೇಕಾದ ಕಡೆ ನಿಲ್ಲದೆ ಅಡ್ಡ ಬಂದ ದೊಡ್ಡ ಲಾರಿಗೆ ಬಡಿಯಿತು. ಬಸ್ಸಿನಲ್ಲಿದ್ದ 29 ಜನರಲ್ಲಿ 16 ಮಂದಿ ತೀರಿಕೊಂಡರು. ಅವರಲ್ಲಿ 10 ಜನ ಆಟಗಾರರು, ಎಲ್ಲರಿಗಿಂತ ಚಿಕ್ಕವನಿಗೆ 16 ವರ್ಷ. ಉಳಿದವರು ಕೋಚ್, ಅವರ ಸಹಾಯಕ, ಬಸ್ಸಿನ ಡ್ರೈವರ್, ರೇಡಿಯೋದಲ್ಲಿ ಆಟದ ವರದಿ ಹೇಳುತ್ತಿದ್ದವರು, ಅಂಕಿಅಂಶ ಬರೆದಿಡುತ್ತಿದ್ದ ಹುಡುಗ, ಗಾಯಗಳನ್ನು ನೋಡಿಕೊಳ್ಳುತ್ತಿದ್ದ ಒಬ್ಬ ತರುಣಿ. ಲಾರಿ ಓಡಿಸುತ್ತಿದ್ದವನು ಭಾರತದಿಂದ ಹೋಗಿ ನೆಲೆಸಿದ್ದ ಯುವಕ. ಅವನು ವಾದಕ್ಕೇ ಇಳಿಯದೆ ತಪ್ಪೊಪ್ಪಿಕೊಂಡ. 2019ರಲ್ಲಿ 8 ವರ್ಷದ ಶಿಕ್ಷೆಯಾಯಿತು. ತೀರಿಕೊಂಡ ಕೋಚ್‌ನ ಹೆಂಡತಿ ಕೋರ್ಟಿನಲ್ಲೇ ಅವನನ್ನು ಕ್ಷಮಿಸಿದ್ದೇನೆಂದರು, ಕ್ಷಮಿಸಲಾರೆವೆಂದ ತಂದೆತಾಯಿಯರೂ ಇದ್ದರು. ಅದನ್ನು ಬರೆಯಹೊರಟರೆ ಅದೇ ಬೇರೊಂದು ಪ್ರಬಂಧವಾದೀತು.

ನನ್ನ ಮನಸ್ಸಿನಿಂದ ಇವತ್ತಿಗೂ ಹೋಗದಿರುವುದು ಇನ್ನೊಂದು ವಿಷಯ. ದೊಡ್ಡ ಪಂದ್ಯಗಳ ಸಂಭ್ರಮಕ್ಕೆಂದು ಹುಡುಗರು ಕೂದಲಿಗೆ ಹೊಂಬಣ್ಣ ಹಾಕಿಸಿಕೊಂಡಿದ್ದರು. ಒಂದೇ ಪ್ರಾಯ, ಒಂದೇ ಮೈಕಟ್ಟು, ಒಂದೇ ಬಣ್ಣದ ಕೂದಲು. ಪೆಟ್ಟಾದ ಮುಖಗಳಲ್ಲಿ ಯಾರು ಯಾರೆಂದು ತಿಳಿಯದೆ ಇಬ್ಬರ ಗುರುತು ಅದಲುಬದಲಾಯಿತು. ಮಗ ಬದುಕಿದ್ದಾನೆಂದು ನಂಬಿದ್ದ ಮನೆಯವರಿಗೆ ಎರಡು ದಿನದ ಮೇಲೆ ಅವನಿಲ್ಲವೆಂದು ತಿಳಿಯಿತು. ಸತ್ತನೆಂದು ಅತ್ತಿದ್ದವರಿಗೆ ಮಗ ಸಿಕ್ಕಿದ. ಆ ತಾಯಿ ಹಿಗ್ಗಬೇಕೋ, ಇನ್ನೊಬ್ಬ ತಾಯಿಯ ಮುಖ ನೆನೆದು ಕುಗ್ಗಬೇಕೋ? ತಂಡ ಎನ್ನುವುದು ಹುಡುಗರನ್ನು ಒಂದೇ ಅಚ್ಚಿಗೆ ಹಾಕುತ್ತದೆ, ನಿಜ. ಒಬ್ಬ ಹೋದರೆ ಇನ್ನೊಬ್ಬ ಅದೇ ಅಂಗಿ ತೊಟ್ಟು ಇಳಿಯುತ್ತಾನೆ. ಮನೆಯಲ್ಲಿ ಹಾಗಾಗುವುದಿಲ್ಲವಲ್ಲ.

ಜೂನಿಯರ್ ತಂಡಗಳಿಗೆ ಹುಡುಗರನ್ನು ಆರಿಸಲು ಶಿಬಿರ ನಡೆಸುತ್ತಾರೆ. ಬಂದವರನ್ನು ನಾಲ್ಕಾರು ಗುಂಪು ಮಾಡಿ, ಬೇರೆ ಬೇರೆ ಬಣ್ಣದ ಅಂಗಿ ಕೊಟ್ಟು, ಕೆಲವು ದಿನ ಆಡಿಸಿ ನೋಡುತ್ತಾರೆ. ಮೇಲೆ ಕೂತವರು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಕೊನೆಗೆ ಕೆಲವರಿಗೆ ಜಾಗ, ಹೆಚ್ಚಿನವರಿಗೆ ಮನೆಯ ದಾರಿ. ಈ ಗುಂಪುಗಳಿಗೆ ತಮ್ಮ ಹಳೆಯ ಆಟಗಾರರ ಹೆಸರಿಡುವ ಕ್ಲಬ್ಬುಗಳೂ ಉಂಟು. ನಾವು ಸ್ಕೂಲಿನಲ್ಲಿ ಮಕ್ಕಳನ್ನು ಟ್ಯಾಗೋರ್ ಹೌಸ್, ಗಾಂಧಿ ಹೌಸ್ ಎಂದು ವಿಂಗಡಿಸುವುದಿಲ್ಲವೆ, ಹಾಗೆ. ಆದರೆ ನಮ್ಮ ಮಕ್ಕಳಿಗೆ ಟ್ಯಾಗೋರರ ಜಾಗ ತುಂಬುವ ಕಷ್ಟವಿಲ್ಲ. 2018ರ ಆಗಸ್ಟಿನಲ್ಲಿ ಹಂಬೋಲ್ಟ್ ಶಿಬಿರಕ್ಕೆ ಬಂದ ಹುಡುಗರಿಗೆ ಮಾತ್ರ ಆ ಕಷ್ಟವಿತ್ತು. ಹಿಂದಿನ ತಂಡದವರಲ್ಲಿ ಮತ್ತೆ ಆಡಲು ಬಂದವರು ಇಬ್ಬರೇ. ಹಾಗಾದರೆ ಬೇರೆಯವರೆಲ್ಲ ಯಾವ ಜಾಗಕ್ಕಾಗಿ ಪೈಪೋಟಿ ಮಾಡುತ್ತಿದ್ದರು ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಸ್ಟಾಫ್ ರೂಮಿನಲ್ಲಿ ಈ ಮಾತು ಬಂದಾಗ ನಮ್ಮ ಗಣಿತದ ಮೇಡಂ ಒಂದೇ ಏಟಿಗೆ ಹೇಳಿಬಿಟ್ಟರು: "ಒಂದು ವರ್ಷವಾದರೂ ಆಟ ನಿಲ್ಲಿಸಬೇಕಿತ್ತು ರೀ. ವರ್ಷಾಂತಿಕ ಆಗುವ ತನಕ ನಾವು ಹಬ್ಬ ಮಾಡ್ತೀವಾ?" ಮಾತಿನಲ್ಲಿ ನ್ಯಾಯವಿದೆ. ಆದರೆ ಹದಿನೇಳು ವರ್ಷದ ಹುಡುಗನಿಗೆ ಒಂದು ವರ್ಷ ಎಂದರೇನು ಎಂದು ನಾವು ಮೇಷ್ಟರು, ಟೀಚರುಗಳಿಗೆ ಗೊತ್ತು. ಐವತ್ತರ ನಮಗೆ ಅದು ಕ್ಯಾಲೆಂಡರಿನ ಹಾಳೆ. ಅವನಿಗೆ ಅದೇ ಆಯುಷ್ಯ. ಆಟ ನಿಲ್ಲಿಸಿದರೆ ಸತ್ತವರಿಗೆ ಗೌರವ, ಬದುಕಿದವರಿಗೆ ದಂಡ. ತಂಡವನ್ನು ನಡೆಸಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಹೇಗೆ ನಡೆಸಬೇಕು ಎನ್ನುವುದೇ ಕಷ್ಟದ ಮಾತು.

ಅದೇ ಪ್ರಾಂತ್ಯದಲ್ಲಿ ಹಿಂದೆಯೂ ಹೀಗಾಗಿತ್ತು. ಸ್ವಿಫ್ಟ್ ಕರೆಂಟ್ ಎಂಬ ಊರಿನ ತಂಡದ ಹೆಸರೂ ಬ್ರಾಂಕೋಸ್. 1986ರ ಡಿಸೆಂಬರ್ 30ರಂದು ಅವರ ಬಸ್ಸು ಉರುಳಿ 4 ಆಟಗಾರರು ಸತ್ತರು. ಉಳಿದವರು ಆ ನಾಲ್ವರ ಅಂಗಿಯ ನಂಬರುಗಳನ್ನು ನಾಲ್ಕೆಲೆಯ ಗುರುತೊಂದರಲ್ಲಿ ಹೊಲಿಸಿಕೊಂಡು ಆಡಿದರು. 1989ರಲ್ಲಿ ಆ ತಂಡ ಕೆನಡಾದ ಜೂನಿಯರ್ ಹಾಕಿಯ ಅತಿದೊಡ್ಡ ಬಹುಮಾನವಾದ ಮೆಮೋರಿಯಲ್ ಕಪ್ ಗೆದ್ದಿತು. ಸತ್ತ ಗೆಳೆಯರಿಗಾಗಿ ಗೆದ್ದರು ಎಂದು ದೇಶವೆಲ್ಲ ಕೊಂಡಾಡಿತು. ಕತೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆ ತಂಡದ ಕೋಚ್ ತನ್ನ ಕೈಕೆಳಗಿನ ಹುಡುಗರ ಮೇಲೆ ಲೈಂಗಿಕ ದೌರ್ಜನ್ಯ ನಡೆಸುತ್ತಿದ್ದದ್ದು ಆಮೇಲೆ ಹೊರಬಂತು. 1997ರ ಜನವರಿಯಲ್ಲಿ ಅವನಿಗೆ ಶಿಕ್ಷೆಯಾಯಿತು. ಅದನ್ನು ಧೈರ್ಯಮಾಡಿ ಹೇಳಿದವನು ಆ ಬಸ್ಸಿನಲ್ಲೇ ಇದ್ದು ಬದುಕಿದ ಶೆಲ್ಡನ್ ಕೆನೆಡಿ. ಅಪಘಾತದ ನಂತರ ತಮ್ಮ ದುಃಖವನ್ನು ಕೂತು ಕೇಳುವ ಆಪ್ತಸಲಹೆಗಾರರು ಯಾರೂ ಬರಲಿಲ್ಲವೆಂದು ಬದುಕುಳಿದವರು ಹೇಳಿದ್ದಾರೆ. ತೋಳಿನ ಮೇಲೆ ಸತ್ತವರ ನಂಬರು, ಕೈಯಲ್ಲಿ ಕಪ್ಪು, ಹೊಟ್ಟೆಯೊಳಗೆ ಬೆಂಕಿ. ಕಪ್ಪು ಗೆದ್ದವರ ಹೊಟ್ಟೆಯಲ್ಲೇನಿದೆ ಎಂದು ಯಾರಾದರೂ ಕೇಳುತ್ತಾರೆಯೆ? 2018ರಲ್ಲಿ ಅವರಲ್ಲಿ ಕೆಲವರು ಆಸ್ಪತ್ರೆಗೆ ಹೋಗಿ ಹಂಬೋಲ್ಟಿನ ಹುಡುಗರ ಪಕ್ಕ ಕೂತರು. ನಾನು ಓದಿದ್ದರಲ್ಲೆಲ್ಲ ನನಗೆ ಸಮಾಧಾನ ಕೊಟ್ಟ ಸುದ್ದಿ ಅದು.

ಇದನ್ನೆಲ್ಲ ಓದುವಾಗ ನನಗೆ ಪದೇಪದೇ ಕಣ್ಣಿಗೆ ಬರುತ್ತಿದ್ದವರು ನನ್ನ ದೊಡ್ಡಮ್ಮ, ಅಮ್ಮನ ಅಕ್ಕ. ಆಕೆ ಹೋದದ್ದು ಎರಡನೇ ಸಂಬಂಧಕ್ಕೆ. ಮೊದಲನೆಯವರು ಬಾಣಂತನದಲ್ಲಿ ತೀರಿಕೊಂಡಿದ್ದರು. ಹದಿನೆಂಟರ ದೊಡ್ಡಮ್ಮ ಅಕ್ಕಿಯ ಸೇರು ಒದ್ದು ಒಳಗೆ ಹೋದಾಗ ನಡುಮನೆಯಲ್ಲಿ ಹಾರ ಹಾಕಿದ ಫೋಟೋ, ಅಡಿಗೆಮನೆಯ ಪಾತ್ರೆ ಪಾತ್ರೆಯ ಕಂಠದ ಮೇಲೂ ಕೆತ್ತಿದ ಆ ಹೆಸರು. ತಪ್ಪಲೆಯಲ್ಲಿ ಆ ಹೆಸರು, ಕೊಳದಪ್ಪಲೆಯಲ್ಲಿ ಆ ಹೆಸರು, ನೀರು ಕುಡಿಯುವ ಚೊಂಬಿನಲ್ಲೂ ಅದೇ. ಸಾರಿಗೆ ಉಪ್ಪು ಒಂದು ಹರಳು ಕಡಿಮೆಯಾದರೆ ಅತ್ತೆ "ಅವಳ ಕೈ ಅಳತೆಯೇ ಅಳತೆ" ಎನ್ನುತ್ತಿದ್ದರಂತೆ. ಸರಿಯಾದ ದಿನ "ಥೇಟ್ ಅವಳ ಕೈ ರುಚಿ" ಎನ್ನುತ್ತಿದ್ದರಂತೆ. ನೋಡಿ, ತಪ್ಪಾದರೂ ಅವಳು, ಸರಿಯಾದರೂ ಅವಳು. ಇವಳಿಗೆ ಸ್ವಂತದ ಒಂದು ಸಾರು ಮಾಡುವ ಅವಕಾಶವೇ ಇಲ್ಲ!

ಹಾಗೆಂದು ದೊಡ್ಡಮ್ಮ ಆ ಫೋಟೋವನ್ನು ತೆಗೆಸಲಿಲ್ಲ. ಶುಕ್ರವಾರ ತಾನೇ ಹೂ ಕಟ್ಟಿ ಏರಿಸುತ್ತಿದ್ದರು. ವರ್ಷಕ್ಕೊಮ್ಮೆ ಆಕೆಯ ಹೆಸರಿನಲ್ಲಿ ಮುತ್ತೈದೆಯೊಬ್ಬರಿಗೆ ಸೀರೆ ಕೊಡುವುದನ್ನು, ಅತ್ತೆ ಹೋದ ಮೇಲೆ ಹೇಳುವವರು ಯಾರೂ ಇಲ್ಲದಿದ್ದರೂ, ಬಿಡಲಿಲ್ಲ. ಕೊನೆಗಾಲದಲ್ಲಿ ಒಮ್ಮೆ ನಾನು ಕೇಳಿದೆ, "ನಿಮಗೆ ಅವರ ಮೇಲೆ ಒಂದು ದಿನವೂ ಸಿಟ್ಟು ಬರಲಿಲ್ಲವಾ ದೊಡ್ಡಮ್ಮ?" "ಆ ಪುಣ್ಯಾತ್ಗಿತ್ತಿ ನನಗೇನು ಮಾಡಿದ್ದಳೇ?" ಎಂದರು. "ನನ್ನನ್ನು ಅವಳ ಪಕ್ಕ ನಿಲ್ಲಿಸಿ ನಿಲ್ಲಿಸಿ ಅಳೆದವರ ಮೇಲೆ ಬರುತ್ತಿತ್ತು." ಹಂಬೋಲ್ಟಿನ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ಉತ್ತರ ನನಗೆ ಯಾವ ಪತ್ರಿಕೆಯಲ್ಲೂ ಸಿಕ್ಕಲಿಲ್ಲ.

ನನ್ನ ತರಗತಿಯಲ್ಲೂ ಒಮ್ಮೆ ಹೀಗಾಯಿತು. ಏಳನೇ ಕ್ಲಾಸಿನ ಹುಡುಗಿ ಡೆಂಗಿಯಿಂದ ಹೋದಳು. ಹಾಜರಿ ಪುಸ್ತಕದಲ್ಲಿ ಅವಳ ನಂಬರಿನ ಮುಂದೆ ಕೆಂಪು ಗೆರೆ ಎಳೆದು, ಮಾರ್ಚ್ ತನಕ 22 ಆದ ಮೇಲೆ 24 ಎಂದೇ ಕೂಗಿದೆ. ಅದು ಪುಸ್ತಕದ ಮಾತಾಯಿತು, ಬೆಂಚಿನದಲ್ಲ. ಟಿ.ಸಿ. ತೆಗೆದುಕೊಂಡು ಬೇರೆ ಊರಿನಿಂದ ಹೊಸ ಹುಡುಗಿ ಬಂದಳು. ಖಾಲಿಯಿದ್ದುದು ಅದೊಂದೇ ಜಾಗ. "ಅದು ಅವಳ ಜಾಗ ಮಿಸ್" ಎಂದು ಇಬ್ಬರು ಬ್ಯಾಗು ಅಡ್ಡ ಇಟ್ಟರು. ಹೊಸ ಹುಡುಗಿ ಗೋಡೆಗೊರಗಿ ನಿಂತೇ ಪಾಠ ಕೇಳಿದಳು. ಮಾರನೆಯ ದಿನ ನಾನು ಇಡೀ ಕ್ಲಾಸಿನ ಜಾಗವನ್ನು ಕಲೆಸಿಬಿಟ್ಟೆ. ಮುಂದಿನವರು ಹಿಂದೆ, ಕಿಟಕಿಯವರು ಬಾಗಿಲಿಗೆ. ಯಾರ ಜಾಗವೂ ಯಾರದ್ದೂ ಅಲ್ಲದ ಹಾಗಾಯಿತು. ಕೆಲವು ವಾರದ ಮೇಲೆ ತೀರಿಹೋದ ಮಗುವಿನ ತಾಯಿ ಅವಳ ಡ್ರಾಯಿಂಗ್ ಪುಸ್ತಕ ಕೇಳಿಕೊಂಡು ಬಂದರು. ಎಲ್ಲಿ ಕೂರುತ್ತಿದ್ದಳು ಎಂದು ಕೇಳಿದರು. ತೋರಿಸಿದೆ. ಹೋಗಿ ಸ್ವಲ್ಪ ಹೊತ್ತು ಕೂತರು. ಅಲ್ಲಿ ಯಾರದೋ ಬ್ಯಾಗು ಬಾಯಿ ತೆರೆದು ಬಿದ್ದಿತ್ತು. ಅದರ ಬಕಲು ಹಾಕಿ, ನೆಟ್ಟಗೆ ಇಟ್ಟು ಎದ್ದು ಹೋದರು.

ಹಂಬೋಲ್ಟಿನ ಹೊಸ ತಂಡ ತನ್ನ ಊರಿನಲ್ಲಿ ಮೊದಲ ಪಂದ್ಯ ಆಡಿದ್ದು 2018ರ ಸೆಪ್ಟೆಂಬರ್ 12ರಂದು, ಅಂದು ಹೋಗಿ ತಲುಪಲಾಗದೆ ಹೋದ ಅದೇ ನಿಪಾವಿನ್ ತಂಡದ ಎದುರು. ದೇಶವೆಲ್ಲ ಟಿ.ವಿ. ಮುಂದೆ ಕೂತಿತ್ತು. ಆಟದ ಬಳಿಕ ಬಸ್ಸಿನಲ್ಲಿದ್ದ 29 ಜನರನ್ನೂ ಗೌರವಿಸುವ ಕಾರ್ಯಕ್ರಮ. ಸಿನಿಮಾ ಆಗಿದ್ದರೆ ಹೊಸ ಹುಡುಗರು ಗೆಲ್ಲುತ್ತಿದ್ದರು. 2-1ರಿಂದ ಸೋತರು. ನನಗೆ ಆ ಸೋಲು ಒಳ್ಳೆಯದೇ ಆಯಿತೆನ್ನಿಸುತ್ತದೆ. ಗೆದ್ದಿದ್ದರೆ ಅದು ಸತ್ತವರ ಗೆಲುವಾಗುತ್ತಿತ್ತು. ಸೋಲು ಅವರ ಸ್ವಂತದ್ದು. ಆದರೂ ಭಾರ ಇಳಿಯಿತೆಂದು ಹೇಳಲಾರೆ. ಆ ಡಿಸೆಂಬರಿನ ಕೊನೆಗೆ ಹೊಸ ಕೋಚ್ ತಂಡ ಬಿಟ್ಟರು, ಒತ್ತಡ ತಡೆಯಲಾಗದಷ್ಟಿತ್ತೆಂದು ಹೇಳಿಕೊಂಡರು. ದೊಡ್ಡವರಿಗೇ ಹಾಗಾದರೆ ಹುಡುಗರ ಪಾಡೇನು?

ಸತ್ತ ಆಟಗಾರರಲ್ಲಿ ಲೋಗನ್ ಬೂಲೆ ಎಂಬ 21ರ ಯುವಕನಿದ್ದ. ತನಗೆ ಆಟ ಕಲಿಸಿದ ಒಬ್ಬ ಹಿರಿಯರು 2017ರಲ್ಲಿ ತೀರಿಕೊಂಡಾಗ ಅವರ ಅಂಗಗಳನ್ನು ದಾನ ಮಾಡಿದ್ದರಂತೆ. ಅದನ್ನು ಕಂಡು ತಾನೂ ಕೊಡುವುದಾಗಿ ಮನೆಯಲ್ಲಿ ಹೇಳಿಟ್ಟಿದ್ದ. ಅವನ ಅಂಗಗಳು 6 ಜನಕ್ಕೆ ಸೇರಿದವು. ಸುದ್ದಿ ಹಬ್ಬಿ, ಕೆಲವೇ ವಾರಗಳಲ್ಲಿ ಕೆನಡಾದ ಲಕ್ಷಕ್ಕೂ ಹೆಚ್ಚು ಜನ ದಾನಕ್ಕೆ ಹೆಸರು ಕೊಟ್ಟರು. ಈಗಲೂ ಏಪ್ರಿಲ್ 7ರಂದು ಹಸಿರು ಅಂಗಿ ತೊಟ್ಟು ಅವನನ್ನು ನೆನೆಯುತ್ತಾರೆ. ಆ ಆರು ಜನರನ್ನು ಯಾರೂ ಅವನ ಪಕ್ಕ ನಿಲ್ಲಿಸಿ ಅಳೆಯಲಿಲ್ಲ. ಅವನ ಹೃದಯ ನಿಮ್ಮಲ್ಲಿದೆ, ಆದ್ದರಿಂದ ಅವನಂತೆ ಹಾಕಿ ಆಡಿ ಎಂದು ಕೇಳಲಿಲ್ಲ. ಉಸಿರಾಡಿಕೊಂಡಿದ್ದರೆ ಸಾಕು. ಶಿಬಿರಕ್ಕೆ ಬಂದ ಹುಡುಗನನ್ನೂ ಅಷ್ಟೇ ಧಾರಾಳವಾಗಿ ಏಕೆ ನೋಡಬಾರದು? ಗೋಡೆಯ ಮೇಲೆ ಹೆಸರುಗಳಿರಲಿ, ಹೂವೂ ಇರಲಿ. ಪುಸ್ತಕದಲ್ಲಿ ಗುರುತು ಹಾಕುವವನು ಮಾತ್ರ ಎದುರಿಗಿರುವ ಹುಡುಗನನ್ನೇ ನೋಡಲಿ.

ನಂಬರಿನ ವಿಷಯ ಹೇಳುವುದು ಉಳಿಯಿತು. ದೊಡ್ಡ ಆಟಗಾರನ ಅಂಗಿಯ ನಂಬರನ್ನು ಇನ್ನು ಯಾರಿಗೂ ಕೊಡದೆ ಎತ್ತಿಡುವ ಪದ್ಧತಿ ಅಲ್ಲಿದೆ. ವೇಯ್ನ್ ಗ್ರೆಟ್ಸ್ಕಿಯ 99ನ್ನು 2000ದಲ್ಲಿ ಇಡೀ ರಾಷ್ಟ್ರೀಯ ಲೀಗಿನ ಎಲ್ಲ ತಂಡಗಳೂ ಎತ್ತಿಟ್ಟವು. ಪೂಜೆಯ ಪಾತ್ರೆಯನ್ನು ಅಡಿಗೆಗೆ ಇಳಿಸದ ಹಾಗೆ. ಹೀಗೆ ಎತ್ತಿಡುತ್ತಾ ಹೋದರೆ ಹೊಸಬರಿಗೆ ಯಾವುದು ಮಿಕ್ಕೀತು ಎಂದು ಅಕ್ಕನ ಮಗಳನ್ನು ಫೋನಿನಲ್ಲಿ ಕೇಳಿದೆ. ಅವಳ ಮಗನಿಗೆ ಈಗ ಹದಿಮೂರು. ಅವನೂ ಹಾಕಿ ಆಡುತ್ತಾನೆ, ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಕರೆದುಕೊಂಡು ಹೋಗಬೇಕು, ಇನ್ನು ಮೂರು ವರ್ಷಕ್ಕೆ ಶಿಬಿರಕ್ಕೆ ಕಳಿಸು ಎಂದು ಈಗಲೇ ಹಟ. "ನನಗೇನೋ ಎದೆ ಡವಗುಟ್ಟತ್ತೆ ಚಿಕ್ಕಮ್ಮ, ಬಸ್ಸು ನೆನೆದರೆ" ಎಂದಳು. ಅವನಿಗೆ ಯಾವ ನಂಬರು ಬೇಕಂತೆ ಎಂದೆ. ಅವಳು ಅಲ್ಲಿಂದಲೇ ಕೂಗಿ ಕೇಳಿದಳು. ಒಳಗಿನಿಂದ ಅವನ ಒಡಕು ಕನ್ನಡ ಕೇಳಿಸಿತು: "ಯಾವುದು ಖಾಲಿ ಇದೆಯೋ ಅದು."